ನಾಮಫಲಕ ಮತ್ತು ಬಡವನ ಪ್ರಾಣ

ಮಲ್ಲಿಪಟ್ಟಣದಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಒಬ್ಬನಿಗೆ ಎದೆನೋವು ಬಂತೆನ್ನಿ. ಪಾಳಿ ಮುಗಿಸಿ ಮನೆಗೆ ಬಂದ ಮಿಲ್ಲಿನ ಕೆಲಸಗಾರನಿರಬಹುದು. ಸಂತೆಯಿಂದ ಹಿಂತಿರುಗಿ ಮೂಟೆ ಇಳಿಸುತ್ತಿದ್ದ ಸಣ್ಣ ವ್ಯಾಪಾರಿಯಿರಬಹುದು. ಮೈಯೆಲ್ಲ ಬೆವರುತ್ತಿದೆ, ಎಡಗೈ ಜೋಮು ಹಿಡಿದಿದೆ. ಮನೆಯವರು ಮೊದಲು ಗ್ಯಾಸ್ ಎನ್ನುತ್ತಾರೆ, ಜೀರಿಗೆ ಕಷಾಯ ಕಾಯಿಸಿ ಕೊಡುತ್ತಾರೆ. ಅರ್ಧ ಗಂಟೆ ಕಳೆದುಹೋಗುತ್ತದೆ. ಆಮೇಲೆ ಪಕ್ಕದ ಬೀದಿಯ ಆಟೋದವನನ್ನು ಎಬ್ಬಿಸುತ್ತಾರೆ. ರೋಗಿಯನ್ನು ಕೂರಿಸಿಕೊಂಡು ಗಾಡಿ ಚಾಲೂ ಮಾಡಿದ ಮೇಲೆ ಅವನು ಕೇಳುವ ಪ್ರಶ್ನೆ ಒಂದೇ: “ಎಲ್ಲಿಗೆ ಹೋಗ್ಲಿ ಅಣ್ಣ, ಹೇಳಿ.”

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಆಟೋದವನಲ್ಲ. ಅಳುತ್ತ ನಿಂತ ಹೆಂಡತಿಯಲ್ಲ, ಬೀದಿಯಲ್ಲಿ ನೆರೆದ ನಾಲ್ಕು ಜನರೂ ಅಲ್ಲ. ಉತ್ತರ ಹೇಳಬೇಕಾದದ್ದು ಸರ್ಕಾರ. ಯಾವ ಆಸ್ಪತ್ರೆಯಲ್ಲಿ ಈ ಹೊತ್ತಿನಲ್ಲಿ ಹೃದಯಾಘಾತಕ್ಕೆ ಚಿಕಿತ್ಸೆ ಸಿಗುತ್ತದೆ, ಯಾವುದರಲ್ಲಿ ಸಿಗುವುದಿಲ್ಲ ಎಂಬುದನ್ನು ಪರೀಕ್ಷಿಸಿ, ಹೆಸರಿಸಿ, ಊರೂರಿಗೆ ಸಾರಿ ಹೇಳುವ ಅಧಿಕಾರ ಸರ್ಕಾರಕ್ಕೆ ಮಾತ್ರ ಇದೆ. ಅರಕಲಗೂಡಿಗೋ, ಹೊಳೆನರಸೀಪುರದ ಕಡೆಗೋ, ನೇರವಾಗಿ ಹಾಸನಕ್ಕೋ ಎಂದು ಊಹೆಯ ಮೇಲೆ ಗಾಡಿ ತಿರುಗಿಸುವ ಸ್ಥಿತಿ ಇರುವವರೆಗೆ, ಬಡವನ ಪ್ರಾಣ ಉಳಿಯುವುದೂ ಹೋಗುವುದೂ ಅದೃಷ್ಟದ ಮಾತಾಗುತ್ತದೆ. ಅದೃಷ್ಟಕ್ಕೆ ಬಿಟ್ಟ ಆರೋಗ್ಯ ವ್ಯವಸ್ಥೆಯನ್ನು ವ್ಯವಸ್ಥೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ತಕ್ಕಡಿಗೆ ಮುದ್ರೆಯುಂಟು, ಹಲಗೆಗೆ ಮುದ್ರೆಯಿಲ್ಲ

ನಮ್ಮ ಓದುಗರಲ್ಲಿ ಅನೇಕರು ಅಂಗಡಿ ಇಟ್ಟವರು. ಅವರ ತಕ್ಕಡಿಗೆ, ತೂಕದ ಬೊಟ್ಟಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯ ಅವಧಿ ಮುಗಿದಿದ್ದರೆ ಇನ್‌ಸ್ಪೆಕ್ಟರು ದಂಡ ಹಾಕುತ್ತಾರೆ. ಒಂದು ಕಿಲೋ ಬೆಲ್ಲದಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಅದು ಅಪರಾಧ. ಮಿಲ್ಲಿನಲ್ಲಿ ದುಡಿಯುವವರಿಗೆ ಬಾಯ್ಲರಿನ ಕಥೆ ಗೊತ್ತು. ಪರೀಕ್ಷೆಯಾಗದೆ, ಪ್ರಮಾಣಪತ್ರವಿಲ್ಲದೆ ಅದಕ್ಕೆ ಬೆಂಕಿ ಹಾಕುವಂತಿಲ್ಲ. ಇದೆಲ್ಲ ಸರಿಯಾದದ್ದೇ. ಕೊಳ್ಳುವವನು ತಕ್ಕಡಿಯ ಒಳಗನ್ನು ನೋಡಲಾರ, ಕೂಲಿಯವನು ಬಾಯ್ಲರಿನ ಒಳಗನ್ನು ನೋಡಲಾರ. ಆದ್ದರಿಂದ ಅವರ ಪರವಾಗಿ ಸರ್ಕಾರ ನೋಡುತ್ತದೆ.

ಆಸ್ಪತ್ರೆಯ ಒಳಗನ್ನು ರೋಗಿ ನೋಡಬಲ್ಲನೇ? ಪ್ರಜ್ಞೆ ತಪ್ಪಿದವನು ‘ಇಲ್ಲಿ ಸಿ.ಟಿ. ಸ್ಕ್ಯಾನು ಇದೆಯೇ, ಅದನ್ನು ನೋಡಿ ಹೇಳುವ ಡಾಕ್ಟರು ರಾತ್ರಿ ಇರುತ್ತಾರೆಯೇ’ ಎಂದು ವಿಚಾರಿಸಿಕೊಂಡು ಒಳಗೆ ಹೋಗುತ್ತಾನೆಯೇ? ಅವನ ಕಡೆಯವರಿಗೆ ಕಾಣುವುದು ಬೀದಿಗೆ ಮುಖ ಮಾಡಿದ ಹಲಗೆ ಮಾತ್ರ. ‘ಮಲ್ಟಿ ಸ್ಪೆಷಾಲಿಟಿ’, ‘ಟ್ರಾಮಾ ಸೆಂಟರ್’, ‘24 ಗಂಟೆಗಳ ತುರ್ತು ಸೇವೆ’. ಅಕ್ಷರ ದೊಡ್ಡದು, ದೀಪ ಪ್ರಖರ. ಒಳಗೆ ಹೋದರೆ ಕೆಲವು ಕಡೆ ನಿಜವಾಗಿಯೂ ಪ್ರಾಣ ಉಳಿಸುವ ಕೈಗಳಿವೆ. ಇನ್ನು ಕೆಲವು ಕಡೆ ಒಬ್ಬ ನರ್ಸು, ಒಂದು ಗ್ಲೂಕೋಸ್ ಬಾಟಲಿ, ಮತ್ತು ‘ಡಾಕ್ಟರಿಗೆ ಫೋನು ಮಾಡಿದ್ದೇವೆ’ ಎಂಬ ಸಮಾಧಾನ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಇಂಥ ಹಲಗೆಗಳಿಗಾಗಿಯೇ ಹುಟ್ಟಿದಂತಿದೆ.

2024ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಒಂದು ಆಜ್ಞೆ ಹೊರಡಿಸಿತು. ಖಾಸಗಿ ವೈದ್ಯಸಂಸ್ಥೆಗಳು ತಮ್ಮ ನೋಂದಣಿ ಸಂಖ್ಯೆಯನ್ನು ಹಲಗೆಯ ಮೇಲೆ ಕಾಣಿಸಬೇಕು; ಅಲೋಪತಿಗೆ ನೀಲಿ ಬಣ್ಣ, ಆಯುರ್ವೇದಕ್ಕೆ ಹಸಿರು ಬಣ್ಣ ಇರಬೇಕು ಎಂದು. ನಕಲಿ ವೈದ್ಯರನ್ನು ಹಿಡಿಯಲು ಇದು ಬೇಕಾದ ಕ್ರಮವೇ. ಆದರೆ ಬಣ್ಣ ಹೇಳುವುದು ಪದ್ಧತಿಯನ್ನು, ಶಕ್ತಿಯನ್ನಲ್ಲ. ನೀಲಿ ಹಲಗೆಯ ಒಳಗೆ ರಾತ್ರಿ ಎರಡು ಗಂಟೆಗೆ ಪಾರ್ಶ್ವವಾಯುವಿನ ರೋಗಿಗೆ ಏನು ಸಿಗುತ್ತದೆ ಎಂಬುದನ್ನು ಯಾವ ಬಣ್ಣವೂ ಹೇಳಲಾರದು.

ರೋಗಕ್ಕೊಂದು ಗಡಿಯಾರ

‘ಹತ್ತಿರದ ಆಸ್ಪತ್ರೆಗೆ ಹೋದರೆ ಆಯಿತು, ಇಷ್ಟೇಕೆ ಗೊಂದಲ’ ಎಂದು ಕೇಳುವವರುಂಟು. ಹತ್ತಿರದ ಆಸ್ಪತ್ರೆ ಎಂಬುದು ಒಳ್ಳೆಯ ಮಾತೇ. ಆದರೆ ಅಲ್ಲಿ ಕೈಗೆ ಕೆಲಸ ಗೊತ್ತಿದ್ದರೆ ಮಾತ್ರ.

ಹೃದಯಕ್ಕೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಾಗ, ಒಂದು ಇ.ಸಿ.ಜಿ. ತೆಗೆದು ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ಹೃದಯದ ಮಾಂಸ ಉಳಿಯುತ್ತದೆ. ಮೊದಲ ಗಂಟೆಗಳಲ್ಲಿ ಕೊಟ್ಟಷ್ಟೂ ಫಲ ಹೆಚ್ಚು; ಹನ್ನೆರಡು ಗಂಟೆ ಮೀರಿದರೆ ಆ ಮದ್ದಿನಿಂದ ಪ್ರಯೋಜನ ಅತ್ಯಲ್ಪ. ಮಿದುಳಿನ ನಾಳ ಮುಚ್ಚಿ ಪಾರ್ಶ್ವವಾಯು ಹೊಡೆದಾಗಲೂ ಹೆಪ್ಪು ಕರಗಿಸುವ ಮದ್ದುಂಟು. ಆದರೆ ಅದರ ಗಡಿಯಾರ ಇನ್ನೂ ಬಿಗಿ, ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನು ತೆಗೆಯಲೇಬೇಕು, ಏಕೆಂದರೆ ನಾಳ ಮುಚ್ಚಿದ್ದೋ, ಒಡೆದು ರಕ್ತ ಸುರಿಯುತ್ತಿರುವುದೋ ಕಣ್ಣಿಗೆ ಕಾಣುವುದಿಲ್ಲ. ಒಡೆದವನಿಗೆ ಕರಗಿಸುವ ಮದ್ದು ಕೊಟ್ಟರೆ ಅದೇ ವಿಷ. ಅಂದಮೇಲೆ, ಎದೆನೋವಿಗೆ ಸರಿಯಾದ ಆಸ್ಪತ್ರೆ ಪಾರ್ಶ್ವವಾಯುವಿಗೆ ಸರಿಯಾಗದೆ ಇರಬಹುದು. ಇನ್ನು ಲಾರಿ ಹೊಡೆದು ಬಿದ್ದವನ ಮಾತು ಬೇರೆ. ಅವನಿಗೆ ರಕ್ತ ಬೇಕು, ಮೂಳೆ ಡಾಕ್ಟರು ಬೇಕು, ಮತ್ತು ಬರಿಸುವ ಡಾಕ್ಟರು ಬೇಕು, ಹೊಟ್ಟೆ ತೆರೆಯಬಲ್ಲ ಸರ್ಜನ್ ಬೇಕು. ಮೋಟಾರು ವಾಹನ ಕಾನೂನಿಗೆ 2019ರಲ್ಲಿ ಬಂದ ತಿದ್ದುಪಡಿ, ಪೆಟ್ಟು ಬಿದ್ದ ನಂತರದ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ ಎಂದು ಕರೆದಿದೆ. ಮೂರು ಆಸ್ಪತ್ರೆ ಅಲೆದವನಿಗೆ ಆ ಗಂಟೆಯಲ್ಲಿ ಉಳಿಯುವುದು ಮಣ್ಣು.

ಆದ್ದರಿಂದ ಆಸ್ಪತ್ರೆಗಳನ್ನು ಅವುಗಳ ಸಾಮರ್ಥ್ಯಕ್ಕೆ ತಕ್ಕಂತೆ ದರ್ಜೆ ಕಟ್ಟಿ ಹೆಸರಿಸುವುದು ಅಧಿಕಾರಿಗಳ ಕಾಗದಪತ್ರದ ಚಟವಲ್ಲ. ಅದು ಪ್ರಾಣದ ಪ್ರಶ್ನೆ.

ಹಾಸನಕ್ಕೆ ಕಲಿಸಿದ ಪಾಠ

2025ರ ಮೇ ಕೊನೆಯಿಂದ ಜೂನ್ ತಿಂಗಳಿಡೀ ನಮ್ಮ ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು, ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು ಎಂಬ ಸುದ್ದಿ ಹಬ್ಬಿ ಜನ ಗಾಬರಿಯಾದರು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಉದ್ದನೆಯ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಜುಲೈನಲ್ಲಿ ಬಂದ ವರದಿ, ಜಿಲ್ಲೆಯಲ್ಲಿ ಇಂಥ ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಸತ್ತವರಲ್ಲಿ ಆಟೋ, ಕಾರು ಓಡಿಸಿ ಬದುಕುವವರ ಪಾಲು ಎದ್ದು ಕಾಣುವಷ್ಟಿತ್ತು ಎಂಬುದೂ ಹೊರಬಂತು.

ಗಾಬರಿ ಇಳಿಯಿತು, ಕ್ಯಾಮೆರಾಗಳು ಹಿಂದಿರುಗಿದವು. ಆದರೆ ನಮಗೆ ಆ ವರದಿಯಿಂದ ಸಮಾಧಾನಕ್ಕಿಂತ ಹೆಚ್ಚು ಸಂಕಟವಾಯಿತು. ಸಾವು ಏರಿಲ್ಲ ಎಂದರೆ ಅರ್ಥವೇನು? ಇಷ್ಟು ಜನ ಹೀಗೆ ಸಾಯುವುದು ಮೊದಲಿನಿಂದಲೂ ಇತ್ತು, ಎಣಿಸುವವರಿರಲಿಲ್ಲ ಎಂದಲ್ಲವೇ? ಮತ್ತು, ಊರಿಗೆಲ್ಲ ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ಮುಟ್ಟಿಸುವ ಆಟೋದವನೇ ಸ್ಟಿಯರಿಂಗ್ ಮೇಲೆ ಕುಸಿದರೆ, ಅವನನ್ನು ಎಲ್ಲಿಗೆ ಒಯ್ಯಬೇಕೆಂದು ಯಾರು ಹೇಳುತ್ತಾರೆ? ಮೈಸೂರಿನ ಸಾಲು ನಮಗೆ ಇನ್ನೊಂದು ಮಾತನ್ನೂ ಹೇಳಿತು: ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುತ್ತಾರೆಂಬ ನಂಬಿಕೆ ಜನರಿಗಿರಲಿಲ್ಲ. ಇದ್ದಿದ್ದರೆ ನೂರು ಮೈಲಿ ದೂರದಿಂದ ಬಸ್ಸು ಹತ್ತುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ವಿಷಯದಲ್ಲಿ ರಾಜ್ಯ ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಹೊರಟಿತು. ಗಾಡಿಯ ಚಕ್ರದಂತೆ ಅದರ ರಚನೆ: ನಡುವೆ ಜಯದೇವದಂಥ ದೊಡ್ಡ ಆಸ್ಪತ್ರೆ, ಸುತ್ತಲೂ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳು. ತಾಲ್ಲೂಕಿನಲ್ಲಿ ಇ.ಸಿ.ಜಿ. ತೆಗೆದರೆ ಕೆಲವೇ ನಿಮಿಷಗಳಲ್ಲಿ ನಡುವಿನ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ. ಹೊರಗೆ ಮೂವತ್ತು, ನಲವತ್ತು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಪುಕ್ಕಟೆಯಾಗಿ ಕೊಡುತ್ತಾರೆ. ಮೊದಲು 86 ಆಸ್ಪತ್ರೆಗಳಲ್ಲಿ ಇದ್ದದ್ದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಹರಡುವುದಾಗಿ 2025ರ ಜುಲೈನಲ್ಲಿ ಸರ್ಕಾರ ಸಾರಿತು. ಒಬ್ಬ ಕೂಲಿಕಾರನ ನಾಲ್ಕು ತಿಂಗಳ ಸಂಬಳಕ್ಕೆ ಸಮನಾದ ಮದ್ದನ್ನು ಬಿಟ್ಟಿಯಾಗಿ ಕೊಡುವ ಯೋಜನೆಯನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಇದು ಸಾಮರ್ಥ್ಯ ನೋಡಿ ಆಸ್ಪತ್ರೆಯನ್ನು ಹೆಸರಿಸುವ ಕೆಲಸದ ಸರಿಯಾದ ಆರಂಭ.

ಆದರೆ ನಮ್ಮದೊಂದು ಪ್ರಶ್ನೆ. ಮಲ್ಲಿಪಟ್ಟಣದ ಬಸ್ ನಿಲ್ದಾಣದಲ್ಲಿ ನಿಂತ ಹತ್ತು ಜನರನ್ನು ಕೇಳಿ ನೋಡಿ: ಈ ಮದ್ದು ನಿಮಗೆ ಎಲ್ಲಿ ಸಿಗುತ್ತದೆ, ರಾತ್ರಿಯೂ ಸಿಗುತ್ತದೆಯೇ, ಭಾನುವಾರವೂ ಸಿಗುತ್ತದೆಯೇ ಎಂದು. ಉತ್ತರ ಬಾರದಿದ್ದರೆ ಮದ್ದು ಇದ್ದೂ ಇಲ್ಲದಂತೆ. ಯೋಜನೆ ವಿಧಾನಸೌಧದಲ್ಲಿ ಹುಟ್ಟಿ ಆರೋಗ್ಯ ಇಲಾಖೆಯ ಕಡತದಲ್ಲಿ ಬೆಳೆದರೆ ಸಾಲದು. ಅದು ಆಟೋ ನಿಲ್ದಾಣಕ್ಕೆ ಬರಬೇಕು.

ರೋಗ ಒಂದು, ಪಟ್ಟಿ ಮೂರು

ಹೃದಯದ ಮಾತು ಹೀಗಾದರೆ ರಸ್ತೆಯ ಮಾತು ಇನ್ನೂ ತೊಡಕಿನದು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ರಸ್ತೆಯ ಮೊಸಳೆ ಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಮರುದಿನದ ಹೊತ್ತಿಗೆ ಸತ್ತವರ ಲೆಕ್ಕ ಒಂಬತ್ತಕ್ಕೆ ಏರಿತ್ತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡಿದ್ದರು. ಕುಣಿಯುತ್ತಿದ್ದ ಹುಡುಗರು ಹೆಣವಾದರು. ಆ ರಾತ್ರಿಯನ್ನು ಜಿಲ್ಲೆ ಮರೆಯಲಾರದು. ಒಂದೇ ಸಲಕ್ಕೆ ಅಷ್ಟು ಗಾಯಾಳುಗಳು ಬಂದಾಗ ಯಾರನ್ನು ಎಲ್ಲಿಗೆ ಎಂಬ ನಿರ್ಣಯ ಮೊದಲೇ ಆಗಿರಬೇಕೇ ಹೊರತು ರಸ್ತೆಯ ಮೇಲೆ ರಕ್ತದ ನಡುವೆ ನಿಂತು ಮಾಡುವುದಲ್ಲ.

ಅದೇ ವರ್ಷ ಮೇ 5ರಂದು ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದಿಲ್ಲದ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದಿತು. ಸುಪ್ರೀಂ ಕೋರ್ಟು ಜನವರಿಯಲ್ಲಿ ಗಡುವು ಹಾಕಿದ ಮೇಲೆ ಬಂದದ್ದು ಅದು. ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ಗಾಯಾಳು ಹಣ ಕೊಡಬೇಕಾಗಿಲ್ಲ. ಆದರೆ ಇದು ‘ಗೊತ್ತುಪಡಿಸಿದ ಆಸ್ಪತ್ರೆ’ಯಲ್ಲಿ. ಗೊತ್ತುಪಡಿಸದ ಆಸ್ಪತ್ರೆಗೆ ಹೋದರೆ ಪ್ರಾಣ ನಿಲ್ಲಿಸುವಷ್ಟು ಚಿಕಿತ್ಸೆಗೆ ಮಾತ್ರ ಯೋಜನೆಯ ಹಣ. ಕರ್ನಾಟಕದಲ್ಲಿ ಇದಕ್ಕೂ ಮೊದಲೇ, 2016ರ ಮಾರ್ಚಿನಲ್ಲಿ, ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂದಿತ್ತು. ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದರೂ ತನ್ನ ಅಂಗ ದಾನ ಮಾಡಿರೆಂದು ಕೇಳಿಕೊಂಡ ಯುವಕನ ಹೆಸರಿನ ಆ ಯೋಜನೆಯಲ್ಲಿ ಮೊದಲ 48 ಗಂಟೆಗಳಿಗೆ 25,000 ರೂಪಾಯಿಯವರೆಗೆ ನೆರವಿತ್ತು.

ಈಗ ಒಬ್ಬ ಮಿಲ್ಲಿನ ಕೆಲಸಗಾರನನ್ನು ತೆಗೆದುಕೊಳ್ಳಿ. ಅವನಿಗೆ ಇ.ಎಸ್.ಐ. ಉಂಟು, ಅದರ ಆಸ್ಪತ್ರೆಗಳ ಪಟ್ಟಿ ಒಂದು. ಅವನ ಮನೆಯಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದ ಕಾರ್ಡು ಉಂಟು. ಅದರ ಪಟ್ಟಿ ಎರಡನೆಯದು. ರಸ್ತೆಯಲ್ಲಿ ಬಿದ್ದರೆ ಮೂರನೆಯ ಪಟ್ಟಿ. ಅವನ ಪಕ್ಕದ ಮನೆಯ ಅಂಗಡಿಯವನಿಗೆ ಇ.ಎಸ್.ಐ. ಇಲ್ಲ, ಬಿ.ಪಿ.ಎಲ್. ಕಾರ್ಡೂ ಇಲ್ಲದಿದ್ದರೆ ಆರೋಗ್ಯ ಕರ್ನಾಟಕದಲ್ಲಿ ವೆಚ್ಚದ ಶೇಕಡ 30 ಮಾತ್ರ ಸರ್ಕಾರದ್ದು, ಉಳಿದದ್ದು ಅವನ ಗಲ್ಲಾಪೆಟ್ಟಿಗೆಯದು. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೇರವಾಗಿ ಹೋಗಬಹುದಾದ ಚಿಕಿತ್ಸೆಗಳು ಇಂತಿಷ್ಟು ಎಂದು 2018ರಲ್ಲಿ ಸರ್ಕಾರ ಪಟ್ಟಿ ಮಾಡಿತು. ತನಗೆ ಬಂದದ್ದು ಆ ಪಟ್ಟಿಯೊಳಗಿನ ತುರ್ತೋ, ಹೊರಗಿನ ತುರ್ತೋ ಎಂದು ಉಸಿರು ಕಟ್ಟಿದವನು ಹೇಗೆ ತಿಳಿಯಬೇಕು?

ಈ ತೊಡಕಿನ ಮೂಲ ಇಲ್ಲಿದೆ. ನಮ್ಮ ಪಟ್ಟಿಗಳೆಲ್ಲ ಹುಟ್ಟಿರುವುದು ಬಿಲ್ಲಿನ ಹಣ ಯಾರು ಕೊಡುತ್ತಾರೆ ಎಂಬ ಪ್ರಶ್ನೆಯಿಂದ. ಪಟ್ಟಿಗೆ ಸೇರಿಸುವಾಗ ಹಾಸಿಗೆ, ಯಂತ್ರ, ವೈದ್ಯರನ್ನು ನೋಡುತ್ತಾರೆ, ನಿಜ. ಆದರೂ ಪಟ್ಟಿಯ ಉದ್ದೇಶ ಪಾವತಿ. ರೋಗಿಗೆ ಬೇಕಾದದ್ದು ಬೇರೆ: ಈ ರೋಗಕ್ಕೆ, ಈ ಹೊತ್ತಿನಲ್ಲಿ, ಈ ಆಸ್ಪತ್ರೆ ಸಾಕೇ ಎಂಬ ಒಂದೇ ಉತ್ತರ. ಹಣದ ಲೆಕ್ಕ ಸರ್ಕಾರ, ವಿಮೆ, ಆಸ್ಪತ್ರೆಗಳು ಬೆಳಗಾದ ಮೇಲೆ ಕುಳಿತು ಬಗೆಹರಿಸಿಕೊಳ್ಳಲಿ. ರೋಗಿಯ ಜೀವ ಬೆಳಗಿನವರೆಗೆ ಕಾಯುವುದಿಲ್ಲ.

ಹೆಸರೇ ನೆಪವಾದಾಗ

ಆಸ್ಪತ್ರೆಗಳನ್ನು ಹೆಸರಿಸಿದೊಡನೆ ಎಲ್ಲ ಸರಿಹೋಗುತ್ತದೆಂದು ನಾವು ನಂಬಿದವರಲ್ಲ. ಹೆಸರು ಎರಡು ಅಲಗಿನ ಕತ್ತಿ. ಇದಕ್ಕೆ ನ್ಯಾಯಾಲಯದ ದಾಖಲೆಗಳೇ ಸಾಕ್ಷಿ.

ಒಬ್ಬ ಸ್ಕೂಟರ್ ಸವಾರನಿಗೆ ಕಾರು ಹೊಡೆಯಿತು. ದಾರಿಹೋಕನೊಬ್ಬ ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದ. ಅಲ್ಲಿಯವರು ‘ಇದು ಪೊಲೀಸ್ ಕೇಸು, ಇಂಥವನ್ನು ನೋಡುವ ಅಧಿಕಾರ ನಮಗಿಲ್ಲ, ಇಪ್ಪತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಆ ಅಧಿಕಾರವಿದೆ, ಅಲ್ಲಿಗೆ ಒಯ್ಯಿರಿ’ ಎಂದರು. ದಾರಿಯಲ್ಲೇ ಅವನು ಸತ್ತ. ಈ ಸುದ್ದಿಯನ್ನು ಹಿಡಿದು ಪರಮಾನಂದ ಕಟಾರ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. 1989ರಲ್ಲಿ ಕೋರ್ಟು ಹೇಳಿತು: ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನಿಗೂ ಪ್ರಾಣ ಉಳಿಸುವ ಕರ್ತವ್ಯವಿದೆ, ಕಾನೂನಿನ ವಿಧಿಗಳು ಆಮೇಲೆ. ಅಲ್ಲಿ ‘ಅಧಿಕೃತ ಆಸ್ಪತ್ರೆ’ ಎಂಬ ಹೆಸರೇ ಬಾಗಿಲು ಮುಚ್ಚುವ ನೆಪವಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಕಥೆ ನಮ್ಮ ವರ್ಗದವರದೇ. ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿ, ಅಂದರೆ ವ್ಯವಸಾಯ ಕೂಲಿಕಾರರ ಸಂಘ, ಅದರ ಸದಸ್ಯ ಹಕೀಂ ಶೇಖ್ 1992ರ ಜುಲೈ 8ರಂದು ಮಥುರಾಪುರ ನಿಲ್ದಾಣದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಕರ್ಯವಿಲ್ಲ. ಕಲ್ಕತ್ತೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಇನ್ನೊಂದರಲ್ಲಿ ಸ್ಥಳವಿಲ್ಲ, ಮತ್ತೊಂದರಲ್ಲಿ ಉಪಕರಣವಿಲ್ಲ. ಸರ್ಕಾರಿ ಆಸ್ಪತ್ರೆಗಳನ್ನು ಒಂದಾದ ಮೇಲೊಂದು ಸುತ್ತಿ, ಕೊನೆಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿನೇಳು ಸಾವಿರ ರೂಪಾಯಿ ಸುರಿದು ಬದುಕಿದ. ಸಂಘ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋಯಿತು. 1996ರಲ್ಲಿ ಬಂದ ತೀರ್ಪು, ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ನಿರಾಕರಿಸಿದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. 25,000 ರೂಪಾಯಿ ಪರಿಹಾರ ಕೊಡಿಸಿತು. ಹಣವಿಲ್ಲವೆಂಬ ಕಾರಣ ಒಪ್ಪತಕ್ಕದ್ದಲ್ಲವೆಂದಿತು. ಎಲ್ಲಿ ಹಾಸಿಗೆ ಖಾಲಿಯಿದೆ ಎಂದು ಒಂದೇ ಕಡೆ ತಿಳಿಯುವ ಸಂಪರ್ಕ ವ್ಯವಸ್ಥೆ ಬೇಕೆಂದೂ ಹೇಳಿತು. ಆ ಮಾತು ಹೇಳಿ ಮೂವತ್ತು ವರ್ಷ ಉರುಳಿದೆ. ನಮ್ಮ ಆಟೋದವನು ಇನ್ನೂ “ಎಲ್ಲಿಗೆ” ಎಂದು ಕೇಳುತ್ತಿದ್ದಾನೆ.

ಇವೆರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ದಾರಿ ತಾನಾಗಿ ಕಾಣುತ್ತದೆ. ಹೆಸರು ಪಡೆದ ಆಸ್ಪತ್ರೆ ರೋಗಿಯನ್ನು ಹಿಂದಕ್ಕೆ ಕಳಿಸಕೂಡದು. ಹೆಸರಿಲ್ಲದ ಆಸ್ಪತ್ರೆ ಬಾಗಿಲು ಮುಚ್ಚಕೂಡದು; ಮೊದಲ ಚಿಕಿತ್ಸೆ ಕೊಟ್ಟು, ಮುಂದಿನ ಆಸ್ಪತ್ರೆಗೆ ತಿಳಿಸಿ, ತಾನೇ ಮುಟ್ಟಿಸಬೇಕು.

ಕಾನೂನು ಎಲ್ಲಿಗೆ ಬಂದು ನಿಂತಿದೆ

ಕರ್ನಾಟಕಕ್ಕೆ ಈ ವಿಷಯದಲ್ಲಿ ಕಾನೂನು ಹೊಸದಲ್ಲ. 1976ರಲ್ಲೇ ಖಾಸಗಿ ನರ್ಸಿಂಗ್ ಹೋಮುಗಳ ನಿಯಂತ್ರಣ ಕಾನೂನು ಬಂತು. 2007ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನು ಅದರ ಜಾಗ ಹಿಡಿಯಿತು. 2017ರಲ್ಲಿ ಅದನ್ನು ಬಿಗಿ ಮಾಡಹೊರಟಾಗ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಆಗಿನ ಆರೋಗ್ಯ ಮಂತ್ರಿ ಕೆ. ಆರ್. ರಮೇಶ್ ಕುಮಾರ್ ಅವರು ಹಟ ಹಿಡಿದರೂ ಮಸೂದೆ ಸಡಿಲವಾಗಿಯೇ ಹೊರಬಂತು. ಆದರೂ ಎರಡು ಒಳ್ಳೆಯ ಅಂಶ ಉಳಿದವು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸಕೂಡದು. ಬಾಕಿಯ ಹೆಸರಿನಲ್ಲಿ ಹೆಣ ಹಿಡಿದಿಟ್ಟುಕೊಳ್ಳಕೂಡದು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿರಬೇಕು ಎಂದೂ ಆಯಿತು. ಈ ಹಕ್ಕುಗಳನ್ನು ನಮ್ಮ ಓದುಗರು ನೆನಪಿನಲ್ಲಿಟ್ಟುಕೊಳ್ಳಲಿ, ಕೌಂಟರಿನಲ್ಲಿ ನಿಂತಾಗ ದನಿಯೆತ್ತಿ ಹೇಳಲಿ.

ಆದರೆ ಆ ಕಾನೂನಿನ ಹೆಸರಿನಲ್ಲೇ ಅದರ ಕೊರತೆಯೂ ಇದೆ. ಅದು ಖಾಸಗಿಯವರಿಗೆ ಮಾತ್ರ. ತಿದ್ದುಪಡಿಗೆ ಮೊದಲು ನಿವೃತ್ತ ನ್ಯಾಯಮೂರ್ತಿ ವಿಕ್ರಂಜಿತ್ ಸೇನ್ ಅವರ ಸಮಿತಿ, ಸರ್ಕಾರಿ ಆಸ್ಪತ್ರೆಗಳನ್ನೂ ಅದೇ ಕಾನೂನಿನ ಕೆಳಗೆ ತನ್ನಿರೆಂದು ಶಿಫಾರಸು ಮಾಡಿತ್ತು. ಸರ್ಕಾರ ಒಪ್ಪಲಿಲ್ಲ. ಅನ್ಯರ ತಕ್ಕಡಿಗೆ ಮುದ್ರೆ ಒತ್ತುವವನು ತನ್ನ ತಕ್ಕಡಿಯನ್ನು ತೋರಿಸಲು ಹಿಂಜರಿದಂತಾಯಿತು. ಖಾಸಗಿಯವರ ಲಾಭಕೋರತನವನ್ನು ಖಂಡಿಸುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ ಬಡವನು ಮೊದಲು ಹೋಗುವುದು ಸರ್ಕಾರಿ ಆಸ್ಪತ್ರೆಗೆ. ಅದಕ್ಕೇ ಅಳತೆಗೋಲು ಇಲ್ಲದಿದ್ದರೆ ಉಳಿದದ್ದೆಲ್ಲ ಕಣ್ಣೊರೆಸುವ ಮಾತು.

ಹೊರಗಿನ ಅನುಭವವೂ ನೋಡತಕ್ಕದ್ದು. ಅಮೆರಿಕದಲ್ಲಿ 1971ರಲ್ಲಿ ಇಲಿನಾಯ್ ರಾಜ್ಯ, ಅಪಘಾತದ ಗಾಯಾಳುಗಳಿಗೆಂದು ರಾಜ್ಯವಿಡೀ ಆಸ್ಪತ್ರೆಗಳನ್ನು ದರ್ಜೆವಾರು ಹೆಸರಿಸಿತು. ಆಮೇಲೆ ಉಳಿದ ರಾಜ್ಯಗಳೂ ಆ ದಾರಿ ಹಿಡಿದವು. ಆದರೆ ಅಲ್ಲಿ ಚಿಕಿತ್ಸೆಯೇ ವ್ಯಾಪಾರವಾದ್ದರಿಂದ, ಹೆಸರು ಪಡೆದ ಆಸ್ಪತ್ರೆಗಳು ಹಣವಿರುವ ಕಡೆ ಗುಂಪುಗೂಡಿ ಬಡವರ ಪೇಟೆಗಳೂ ದೂರದ ಹಳ್ಳಿಗಳೂ ಬರಿದಾದವೆಂಬ ದೂರು ಇಂದಿಗೂ ಇದೆ. ನೆರೆಯ ತಮಿಳುನಾಡು 2021ರ ಡಿಸೆಂಬರಿನಲ್ಲಿ ರಸ್ತೆ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು, ಅವರು ಯಾವ ರಾಜ್ಯದವರಾದರೂ ಸರಿ, ಗೊತ್ತುಪಡಿಸಿದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಮಾಡಿತು. ಒಂದರಿಂದ ಎಚ್ಚರ ಕಲಿಯಬೇಕು, ಇನ್ನೊಂದರಿಂದ ಕೆಲಸ ಕಲಿಯಬೇಕು.

ವೈದ್ಯರ ಮಾತು

ವೈದ್ಯರ ಆಕ್ಷೇಪವನ್ನೂ ನಾವು ಕೇಳಿದ್ದೇವೆ. ತಾಲ್ಲೂಕುಗಳಲ್ಲಿ ಗಂಡ ಹೆಂಡತಿ ಇಬ್ಬರೇ ಡಾಕ್ಟರುಗಳಾಗಿ ನಡೆಸುವ ಹತ್ತು ಹಾಸಿಗೆಯ ನರ್ಸಿಂಗ್ ಹೋಮುಗಳಿವೆ. ದೊಡ್ಡ ಕಂಪನಿ ಆಸ್ಪತ್ರೆಗೆ ಹಾಕಿದ ನಿಯಮವನ್ನೇ ಇವರ ಮೇಲೆ ಹೇರಿದರೆ ಮುಚ್ಚಿಕೊಂಡು ಹೋಗುತ್ತಾರೆ. ಆಗ ಉಳಿಯುವುದು ದೊಡ್ಡ ಬಂಡವಾಳದವರು ಮಾತ್ರ. ಸಣ್ಣ ಅಂಗಡಿಯವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಈ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ನಾವು ಕೇಳುತ್ತಿರುವುದು ಎಲ್ಲರಿಗೂ ಒಂದೇ ಅಳತೆಯನ್ನಲ್ಲ, ದರ್ಜೆಯನ್ನು. ಹತ್ತು ಹಾಸಿಗೆಯವರು ತಾವು ಹತ್ತು ಹಾಸಿಗೆಯವರೆಂದು ಹಲಗೆಯಲ್ಲಿ ನಿಜ ಹೇಳಲಿ, ಹೆರಿಗೆ ಮಾಡಿಸಲಿ, ಜ್ವರ ನೋಡಲಿ. ಅವರ ಮೇಲೆ ನಮಗೆ ಗೌರವವೇ. ಇಲ್ಲದ ಟ್ರಾಮಾ ಸೆಂಟರನ್ನು ಇದೆಯೆಂದು ಬರೆಯಬೇಡಿ ಎಂದಷ್ಟೇ ನಮ್ಮ ಮಾತು.

ಸರ್ಕಾರಿ ವೈದ್ಯರ ಅಳಲೂ ನ್ಯಾಯವಾದದ್ದು. ಖಾಲಿ ಹುದ್ದೆ ತುಂಬದೆ, ಒಬ್ಬನೇ ವೈದ್ಯನನ್ನು ಹಗಲೂ ರಾತ್ರಿಯೂ ಕೂರಿಸಿ, ‘24 ಗಂಟೆ’ ಎಂದು ಹಲಗೆ ಹಾಕಿದರೆ ಜನರ ಕೋಪಕ್ಕೆ ಗುರಿಯಾಗುವವನು ಅವನು. ಹಲಗೆ ಹಾಕಿಸಿದವರು ಬೆಂಗಳೂರಿನಲ್ಲಿರುತ್ತಾರೆ. ಮೂರು ಪಾಳಿಗೆ ಮೂವರು ಬೇಕೆಂಬುದು ಮಿಲ್ಲಿನ ಕೆಲಸಗಾರನಿಗೆ ಗೊತ್ತಿರುವ ಲೆಕ್ಕ. ಆರೋಗ್ಯ ಇಲಾಖೆಗೆ ಅದು ತಿಳಿಯದೇ?

ನಮ್ಮ ಬೇಡಿಕೆ

ಸರ್ಕಾರದ ಮುಂದೆ ನಾವು ಇಡುವ ಬೇಡಿಕೆಗಳು ಇವು.

ಮೊದಲನೆಯದು: ಹೃದಯಾಘಾತ, ಪಾರ್ಶ್ವವಾಯು, ಅಪಘಾತ, ಈ ಮೂರಕ್ಕೂ ಬೇರೆ ಬೇರೆಯಾಗಿ, ಸಾಮರ್ಥ್ಯದ ಮೇಲೆ ಆಸ್ಪತ್ರೆಗಳ ದರ್ಜೆ ಗೊತ್ತುಮಾಡಿ ಕಾನೂನಿನ ಬಲದಿಂದ ಜಿಲ್ಲೆಗೊಂದೇ ಪಟ್ಟಿ ಪ್ರಕಟಿಸಬೇಕು. ಸರ್ಕಾರಿ, ಖಾಸಗಿ ಎರಡಕ್ಕೂ ಅಳತೆಗೋಲು ಒಂದೇ. ಆ ಮುದ್ರೆಯಿಲ್ಲದೆ ಅಂಥ ಹೆಸರನ್ನು ಹಲಗೆಯ ಮೇಲೆ ಬರೆಯುವುದು ಅಪರಾಧವಾಗಬೇಕು.

ಎರಡನೆಯದು: ಪ್ರತಿ ತಾಲ್ಲೂಕಿನಲ್ಲೂ ಒಂದು ಸರ್ಕಾರಿ ಆಸ್ಪತ್ರೆಯಾದರೂ ಮೊದಲ ದರ್ಜೆಯ ತುರ್ತು ಚಿಕಿತ್ಸೆಗೆ ಯೋಗ್ಯವಾಗಿರಬೇಕು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಯೋಗ್ಯತೆ ಸಾಲದೆಂದು ಕೈಬಿಡುವ ಹಕ್ಕು ಸರ್ಕಾರಕ್ಕಿಲ್ಲ. ತಾರೀಕು ಹೇಳಿ ಸಾಲಿಸಬೇಕು. ಮದ್ದು, ಇ.ಸಿ.ಜಿ., ಮೂರು ಪಾಳಿಯ ಸಿಬ್ಬಂದಿ, ಕೆಟ್ಟುನಿಲ್ಲದ ಆಂಬುಲೆನ್ಸು ಇದರ ಕನಿಷ್ಠ.

ಮೂರನೆಯದು: ಹೆಸರು ಪಡೆದ ಆಸ್ಪತ್ರೆ ರೋಗಿಯ ಕೈಯಲ್ಲಿ ಯಾವ ಕಾರ್ಡಿದೆ ಎಂದು ನೋಡದೆ ಚಿಕಿತ್ಸೆ ಆರಂಭಿಸಬೇಕು, ಯಾವ ಯೋಜನೆಯ ಹಣವೆಂಬುದು ಆಮೇಲಿನ ಮಾತು. ಹಾಗೆ ಚಿಕಿತ್ಸೆ ಕೊಟ್ಟವರಿಗೆ ಸರ್ಕಾರವೂ ತಿಂಗಳುಗಟ್ಟಲೆ ಬಾಕಿ ಉಳಿಸದೆ ಹಣ ಕೊಡಬೇಕು.

ನಾಲ್ಕನೆಯದು: ಹೆಸರಿಲ್ಲದ ಆಸ್ಪತ್ರೆ ಮೊದಲ ಚಿಕಿತ್ಸೆ ಕೊಟ್ಟು, ಎಷ್ಟು ಗಂಟೆಗೆ ಬಂದ, ಏನು ಕೊಟ್ಟೆವು, ಎಷ್ಟು ಗಂಟೆಗೆ ಕಳಿಸಿದೆವು ಎಂದು ಚೀಟಿ ಬರೆದು ಕೊಡಬೇಕು. ಆ ಚೀಟಿ ಬಡವನ ಸಾಕ್ಷಿ.

ಐದನೆಯದು: ಪಟ್ಟಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಬಸ್ ನಿಲ್ದಾಣ, ಸಂತೆ ಮೈದಾನ, ಮಿಲ್ಲಿನ ಗೇಟು, ಪಡಿತರ ಅಂಗಡಿ, ಆಟೋ ನಿಲ್ದಾಣಗಳಲ್ಲಿ ಹಾಕಬೇಕು. 2008ರಲ್ಲಿ ಆರಂಭವಾದ 108 ಆಂಬುಲೆನ್ಸಿನವರ ಕೈಯಲ್ಲೂ ಅದೇ ಪಟ್ಟಿಯಿರಬೇಕು.

ಆರನೆಯದು: ರಾತ್ರಿ ವೇಳೆ, ಹೇಳದೆ ಕೇಳದೆ ತಪಾಸಣೆ ನಡೆಯಬೇಕು. ಜಿಲ್ಲಾ ಪ್ರಾಧಿಕಾರದ ಜೊತೆ ಕಾರ್ಮಿಕ ಸಂಘ, ವರ್ತಕರ ಸಂಘ, ಆಟೋ ಚಾಲಕರ ಸಂಘದ ಪ್ರತಿನಿಧಿಗಳು ಕೂರಬೇಕು. ಮಾತು ತಪ್ಪಿದ ಆಸ್ಪತ್ರೆಯ ಹೆಸರು ಪಟ್ಟಿಯಿಂದ ತೆಗೆದು, ತೆಗೆದದ್ದನ್ನೂ ಸಾರಬೇಕು.

ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. 1948ರ ಕಾರ್ಖಾನೆ ಕಾನೂನು ಪ್ರತಿ ನೂರೈವತ್ತು ಕೆಲಸಗಾರರಿಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಐನೂರಕ್ಕೆ ಮೀರಿದರೆ ಆಂಬುಲೆನ್ಸ್ ಕೊಠಡಿ ಬೇಕೆಂದು ವಿಧಿಸಿತ್ತು. ಅದು ಧಣಿಗಳ ದಯೆಯಿಂದ ಬಂದದ್ದಲ್ಲ. ಕೆಲಸಗಾರರು ಕೇಳಿ ಪಡೆದದ್ದು. 2025ರ ನವೆಂಬರಿನಲ್ಲಿ ಆ ಕಾನೂನಿನ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಇದ್ದದ್ದು ಕೈಜಾರದಂತೆ ಕಣ್ಣಿಡುವುದು ಸಂಘಗಳ ಹೊಣೆ. ಪ್ರತಿ ಸಂಘವೂ ತನ್ನ ಮುಂದಿನ ಸಭೆಯಲ್ಲಿ ಈ ವಿಷಯವನ್ನು ತೆಗೆದುಕೊಳ್ಳಲಿ. ತಾಲ್ಲೂಕು ಆಸ್ಪತ್ರೆಗೆ ನಾಲ್ವರು ಹೋಗಿ ವಿನಯದಿಂದ ಕೇಳಲಿ: ಹೃದಯಾಘಾತದ ಮದ್ದು ಇಂದು ರಾತ್ರಿ ಇಲ್ಲಿದೆಯೇ, ಕೊಡುವವರು ಯಾರು? ಬಂದ ಉತ್ತರವನ್ನು ಬರೆದು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಲಿ, ನಮಗೂ ಕಳಿಸಲಿ. ಇದ್ದರೆ ಇದೆಯೆಂದು ಸಂತೋಷದಿಂದ ಅಚ್ಚು ಹಾಕುತ್ತೇವೆ. ಇಲ್ಲದಿದ್ದರೆ ಇಲ್ಲವೆಂದು ಅಚ್ಚು ಹಾಕುತ್ತೇವೆ.

ಮಲ್ಲಿಪಟ್ಟಣದ ಆಟೋದವನು ಇನ್ನೊಂದು ರಾತ್ರಿ ಗಾಡಿ ಚಾಲೂ ಮಾಡುವಾಗ ಯಾರನ್ನೂ ಕೇಳಬೇಕಾಗದಂತೆ, ಎಲ್ಲಿಗೆ ಹೋಗಬೇಕೆಂಬುದು ಅವನ ನಿಲ್ದಾಣದ ಗೋಡೆಯ ಮೇಲೆ ಬರೆದಿರಬೇಕು. ಅಲ್ಲಿಗೆ ಹೋದಾಗ ಬಾಗಿಲು ತೆರೆದಿರಬೇಕು, ಒಳಗೆ ಡಾಕ್ಟರು ಎದ್ದಿರಬೇಕು. ಇದಕ್ಕಿಂತ ಹೆಚ್ಚಿನದನ್ನು ನಾವು ಕೇಳುತ್ತಿಲ್ಲ. ಇದಕ್ಕಿಂತ ಕಡಿಮೆಯನ್ನು ಒಪ್ಪುವುದೂ ಇಲ್ಲ.